ಎಂಜಿನ್ ಹೋಯ್ತು ಎಂದ ಮೇಲೆ: ಮನೆಯಲ್ಲೇ ಮಾಡಿಕೊಂಡ ಉಪಕರಣಗಳ ಒಂದು ಪ್ರಕರಣ

ಶಿರಸಿ–ಕುಮಟಾ ರಸ್ತೆಯಿಂದ ಒಳಗೆ ತಿರುಗುವ ಒಂದು ಅಡಿಕೆ ತೋಟದ ಊರು. ಅಲ್ಲಿನ ಇಬ್ಬರು ಅಣ್ಣತಮ್ಮಂದಿರು ತಮ್ಮ ಹಳೇ ಮಾರುತಿ 800ರ ಎಂಜಿನ್ ಹೆಡ್ಡನ್ನು (ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂರುವ, ವಾಲ್ವುಗಳಿರುವ ಭಾಗ) ಮನೆಯ ಕೊಟ್ಟಿಗೆಯಲ್ಲೇ ಬಿಚ್ಚಿ, ದುರಸ್ತಿ ಮಾಡಿಸಿ, ಮತ್ತೆ ಕೂರಿಸಿದರು. ಬೇಕಾದ ವಿಶೇಷ ಉಪಕರಣಗಳಲ್ಲಿ ಹೆಚ್ಚಿನವನ್ನು ತಾವೇ ಮಾಡಿಕೊಂಡರು. ಆ ಕೆಲಸದ ಬಹುಪಾಲು ಹೊತ್ತು ನಾನು ಜೊತೆಗಿದ್ದೆ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು, ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ. ಇಲ್ಲಿ ಅವರು ಬರೀ ಅಣ್ಣ ಮತ್ತು ತಮ್ಮ.

ಮನೆಯಲ್ಲಿ ಉಪಕರಣ ಮಾಡಿಕೊಳ್ಳುವವರು ನಮ್ಮ ಕಡೆ ಕಡಿಮೆಯೇನಿಲ್ಲ. ಬಿಗಿದು ಕೂತ ಭಾಗ ಎಳೆದು ತೆಗೆಯುವ ಪುಲ್ಲರ್ ಮಾಡುತ್ತಾರೆ, ಪಾನಾಕ್ಕೆ ಪೈಪ್ ಬೆಸೆದು ಉದ್ದ ಮಾಡುತ್ತಾರೆ. ಎಲ್ಲವೂ ಬಿಚ್ಚುವುದಕ್ಕೆ. ಇವರಿಬ್ಬರು ಮೊದಲು ಮಾಡಿದ್ದು ಬಿಚ್ಚುವ ಉಪಕರಣವಲ್ಲ, ತೊಂದರೆ ಎಲ್ಲಿದೆ ಎಂದು ಹೇಳುವ ಉಪಕರಣ. ಈ ಪ್ರಕರಣ ಬರೆಯಬೇಕು ಅನ್ನಿಸಿದ್ದೇ ಅದಕ್ಕೆ.

ಹಿನ್ನೆಲೆ

ಕಾರು 1990ರ ದಶಕದ್ದು. ಮೂರು ಸಿಲಿಂಡರಿನ, 796 ಸಿಸಿಯ ಕಾರ್ಬ್ಯುರೇಟರ್ ಎಂಜಿನ್. ಈ ಮಾದರಿ 1983ರ ಕೊನೆಗೆ ರಸ್ತೆಗೆ ಬಂತು, 2014ರಲ್ಲಿ ತಯಾರಿ ನಿಂತಿತು. ಆದರೂ ನಮ್ಮ ಘಟ್ಟದ ಮೇಲಿನ ಮಣ್ಣುರಸ್ತೆಗಳಲ್ಲಿ ಇನ್ನೂ ಓಡುತ್ತಿದೆ. ಹಗುರ, ಚಿಕ್ಕದು, ತೋಟದ ದಾರಿಯಲ್ಲೂ ತಿರುಗುತ್ತದೆ. ಇವರ ಮನೆಯಲ್ಲಿ ಅದು ಅಪ್ಪನನ್ನು ಡಾಕ್ಟರ ಹತ್ತಿರ ಕರೆದೊಯ್ಯುವ ಗಾಡಿ, ಅಕ್ಕನ ಮನೆಗೆ ಕುಮಟಾಕ್ಕೆ ಹೋಗುವ ಗಾಡಿ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿಗೆ ಏರಿತು. ಅದನ್ನೂ ಕಟ್ಟಿ ಕಾಗದಪತ್ರ ಸರಿ ಮಾಡಿಸಿಕೊಂಡಿದ್ದರು. ಅಂದರೆ ಗಾಡಿಯನ್ನು ಗುಜರಿಗೆ ಹಾಕುವ ಮನಸ್ಸು ಯಾರಿಗೂ ಇರಲಿಲ್ಲ.

ತಮ್ಮ ಐಟಿಐಯಲ್ಲಿ ಫಿಟ್ಟರ್ ಕಲಿತವನು. ಅರ ಹಿಡಿಯಲು ಬರುತ್ತದೆ, ಅಳತೆ ತೆಗೆಯಲು ಬರುತ್ತದೆ. ಎಂಜಿನ್ ಕೆಲಸ ಮಾಡಿದ ಅನುಭವ ಕಡಿಮೆ. ಅಣ್ಣ ತೋಟದ ಪಂಪ್‌ಸೆಟ್, ಮದ್ದು ಹೊಡೆಯುವ ಪವರ್ ಸ್ಪ್ರೇಯರ್ ಎಲ್ಲ ತಾನೇ ಬಿಚ್ಚಿ ಜೋಡಿಸುವವನು. ಕೈ ಗಟ್ಟಿ, ತಾಳ್ಮೆಯೂ ಇದೆ.

ತೊಂದರೆ

ಮಳೆಗಾಲ ಮುಗಿಯುತ್ತ ಬಂದಾಗ ದೇವಿಮನೆ ಘಟ್ಟ ಹತ್ತುವಾಗ ಕಾರು ಮಿಸ್ಸಿಂಗ್ ಶುರು ಮಾಡಿತು, ಅಂದರೆ ಎಂಜಿನ್ ತಪ್ಪಿ ತಪ್ಪಿ ಓಡತೊಡಗಿತು. ಎರಡನೇ ಗೇರಿನಲ್ಲೂ ಎಳೆಯುತ್ತಿರಲಿಲ್ಲ. ನಿಂತಲ್ಲಿ ಎಂಜಿನ್ ಇಡೀ ಗಾಡಿಯನ್ನೇ ನಡುಗಿಸುತ್ತಿತ್ತು. ಜೊತೆಗೆ ರೇಡಿಯೇಟರ್ ನೀರು ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತಿತ್ತು. ಪ್ಲಗ್ ಬದಲಿಸಿದರು, ಕಿಡಿ ಕೊಡುವ ಪಾಯಿಂಟ್ ಸರಿ ಮಾಡಿದರು, ಪ್ಲಗ್ ವೈರ್ ಬದಲಿಸಿದರು. ಏನೂ ಫರಕಾಗಲಿಲ್ಲ.

ಪೇಟೆಯ ಒಂದು ಗ್ಯಾರೇಜಿಗೆ ತೋರಿಸಿದಾಗ ಸಿಕ್ಕ ಉತ್ತರ, ಎಂಜಿನ್ ಹೋಗಿದೆ, ಪೂರ್ತಿ ಬಿಚ್ಚಿ ಬೋರ್ (ಸಿಲಿಂಡರಿನ ಒಳಮೈ ಕೊರೆದು ಸಮ ಮಾಡುವುದು) ಮಾಡಿಸಬೇಕು ಎಂದು. ಹೇಳಿದ ಖರ್ಚು ಕಾರಿಗೆ ಬರಬಹುದಾದ ಬೆಲೆಗಿಂತ ಜಾಸ್ತಿ. ಎಂಜಿನ್ನಿನ ಯಾವ ಭಾಗ ಹೋಗಿದೆ ಎಂದು ಯಾರೂ ನೋಡಿ ಹೇಳಿರಲಿಲ್ಲ.

ಮನೆಗೆ ಬಂದ ಮೇಲೆ ಅಣ್ಣ ಕೇಳಿದ ಪ್ರಶ್ನೆಯಿಂದಲೇ ಕೆಲಸ ಶುರುವಾಯಿತು: "ಹೋತು ಅಂದ್ರೆ ಎಂತ ಹೋತು ತಮಾ?"

"ಮೊದ್ಲು ಅದನ್ನೇ ನೋಡನ ಅಣ್ಣಾ."

ಮೊದಲ ಉಪಕರಣ: ಹಳೇ ಪ್ಲಗ್ ಮತ್ತು ಸ್ಟೆಪ್ನಿ

ಒಂದು ಸಿಲಿಂಡರ್ ಕೆಲಸ ಮಾಡದಿದ್ದರೆ, ಪೆಟ್ರೋಲ್ ಮತ್ತು ಕಿಡಿ ಸರಿಯಿದ್ದರೆ, ಅಲ್ಲಿ ಒತ್ತಡ ನಿಲ್ಲುತ್ತಿಲ್ಲ ಎಂದರ್ಥ. ಒತ್ತಡ ಹೊರಗೆ ಹೋಗಲು ಇರುವ ದಾರಿಗಳು ಕೆಲವೇ: ಒಳಬರುವ ವಾಲ್ವ್, ಹೊರಹೋಗುವ ವಾಲ್ವ್, ಪಿಸ್ಟನ್ ಸುತ್ತಲಿನ ರಿಂಗ್, ಹೆಡ್ಡಿನ ಅಡಿಯ ಗ್ಯಾಸ್ಕೆಟ್. ಹೊರಗಿನಿಂದ ಗಾಳಿ ತುಂಬಿದರೆ ಅದು ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಕಿವಿಗೇ ಗೊತ್ತಾಗುತ್ತದೆ. ಕಾರ್ಬ್ಯುರೇಟರಿನಲ್ಲಿ ಸುಯ್ ಅಂದರೆ ಇನ್ಲೆಟ್ ವಾಲ್ವ್. ಸೈಲೆನ್ಸರಿನಲ್ಲಿ ಅಂದರೆ ಎಗ್ಸಾಸ್ಟ್ ವಾಲ್ವ್. ಆಯಿಲ್ ಹಾಕುವ ಬಾಯಲ್ಲಿ ಅಂದರೆ ರಿಂಗ್. ರೇಡಿಯೇಟರಿನಲ್ಲಿ ಗುಳ್ಳೆ ಬಂದರೆ, ಇಲ್ಲವೇ ಪಕ್ಕದ ಪ್ಲಗ್ ತೂತಿನಲ್ಲಿ ಗಾಳಿ ಬಂದರೆ ಗ್ಯಾಸ್ಕೆಟ್.

ಇದನ್ನು ಮಾಡಲು ಪ್ಲಗ್ ತೂತಿಗೆ ಕೂರುವ ಒಂದು ಟೊಳ್ಳು ತುಂಡು ಬೇಕು. ಹಾಳಾದ ಪ್ಲಗ್‌ಗಿಂತ ಚೆನ್ನಾಗಿ ಕೂರುವುದು ಯಾವುದಿದೆ? ಥ್ರೆಡ್ ಅದೇ 14 ಮಿಲಿಮೀಟರ್, ವಾಷರ್ ಕೂಡ ಅದರಲ್ಲೇ ಇದೆ. ತಮ್ಮ ಅದನ್ನು ಹೀಗೆ ಮಾಡಿದ. ಪಾನಾ ಹಿಡಿಯುವ ಆರುಮೂಲೆಯ ಮೇಲ್ಗಡೆ, ಬಿಳಿ ಪಿಂಗಾಣಿಯನ್ನು ಹಿಡಿದಿಡಲು ಉಕ್ಕಿನ ಅಂಚನ್ನು ಒಳಕ್ಕೆ ಮಡಿಸಿರುತ್ತಾರೆ. ಅದನ್ನು ಸುತ್ತಲೂ ಹ್ಯಾಕ್ಸಾದಲ್ಲಿ ತೆಳ್ಳಗೆ ಕೊಯ್ದ. ಕೆಳಗಿನ ಬಗ್ಗಿದ ಕಡ್ಡಿಯನ್ನು ಕತ್ತರಿಸಿ ತೆಗೆದ. ವೈಸಿನಲ್ಲಿ ತಲೆಕೆಳಗಾಗಿ ಹಿಡಿದು, ಒಳಗಿನ ಕಡ್ಡಿಯ ಮೇಲೆ ಪಂಚ್ ಇಟ್ಟು ಮೆತ್ತಗೆ ಹೊಡೆದಾಗ ಪಿಂಗಾಣಿ ಇಡಿಯಾಗಿ ಹೊರಬಂತು. ಒಡೆದು ಪುಡಿ ಮಾಡಿದರೆ ಚೂರು ಒಳಗೆ ಅಂಟಿ ಉಳಿಯುತ್ತದೆ. ಅದು ಎಂಜಿನ್ನಿಗೆ ಬಿದ್ದರೆ ಬೋರ್ ಗೀಚುತ್ತದೆ. ಹಾಗಾಗಿ ಟೊಳ್ಳಾದ ತುಂಡನ್ನು ಪೆಟ್ರೋಲಿನಲ್ಲಿ ತೊಳೆದು, ಗಾಳಿ ಹಾಕಿ, ಬೆಳಕಿಗೆ ಹಿಡಿದು ನೋಡಿದ. ಲೇತ್ ಅಂಗಡಿಯಲ್ಲಿ ಒಳಗೆ ಥ್ರೆಡ್ ಹಾಕಿಸಿ ಗಾಳಿ ಪೈಪಿನ ನಿಪ್ಪಲ್ ಕೂರಿಸಿದರು. ನಡುವೆ ಒಂದು ಪ್ರೆಷರ್ ಗೇಜ್.

ಗಾಳಿ ಎಲ್ಲಿಂದ? ಇಲ್ಲಿ ಮೊದಲ ದೊಡ್ಡ ತೀರ್ಮಾನ ಬಂತು. ಮನೆಯಲ್ಲಿ ಕಂಪ್ರೆಸರ್ ಇಲ್ಲ. ಹಳೇ ಗ್ಯಾಸ್ ಸಿಲಿಂಡರಿಗೆ ವಾಲ್ವ್ ಬೆಸೆದು ಗಾಳಿ ಟ್ಯಾಂಕ್ ಮಾಡೋಣ ಎಂದು ಅಣ್ಣ ಹೇಳಿದ. ಮಾಡಿದವರ ಉದಾಹರಣೆಯೂ ಅವನ ಹತ್ತಿರ ಇತ್ತು. ತಮ್ಮ ಒಪ್ಪಲಿಲ್ಲ. ನಾನೂ ಒಪ್ಪಲಿಲ್ಲ. ಉಳಿದ ಗ್ಯಾಸ್ ಬೆಸುಗೆ ಕಿಡಿಗೆ ಹತ್ತಿಕೊಳ್ಳಬಹುದು. ಹತ್ತದಿದ್ದರೂ ನಾವು ಮಾಡಿದ ಬೆಸುಗೆ ಎಷ್ಟು ಒತ್ತಡ ತಡೆಯುತ್ತದೆ ಎಂದು ತಿಳಿಯುವ ದಾರಿ ಮನೆಯಲ್ಲಿಲ್ಲ. ಒತ್ತಡ ಹಿಡಿದಿಡುವ ಪಾತ್ರೆ ಸೀಳಿದರೆ ಅದು ಬಾಂಬ್ ಥರವೇ. ಕೊನೆಗೆ ತಮ್ಮನಿಗೆ ಹೊಳೆದದ್ದು ಸ್ಟೆಪ್ನಿ. ಗಾಳಿ ಹಿಡಿಯಲೆಂದೇ ಕಾರ್ಖಾನೆಯಲ್ಲಿ ಮಾಡಿದ ಪಾತ್ರೆ ಡಿಕ್ಕಿಯಲ್ಲೇ ಬಿದ್ದಿದೆಯಲ್ಲ! ಕಾಲಲ್ಲಿ ಒತ್ತುವ ಪಂಪಿನಿಂದ 35 ಪಿಎಸ್ಐ ತುಂಬಿದರು. ಅಲ್ಲಿಂದ ಪೈಪ್ ಎಳೆದು ಪ್ಲಗ್ ತುಂಡಿಗೆ.

ಪರೀಕ್ಷೆ ಮಾಡುವಾಗ ಪಿಸ್ಟನ್ ಮೇಲಿನ ತುದಿಯಲ್ಲಿರಬೇಕು, ಎರಡೂ ವಾಲ್ವ್ ಮುಚ್ಚಿರಬೇಕು. ಪಿಸ್ಟನ್ ಎಲ್ಲಿದೆ ನೋಡಲು ಅಣ್ಣ ಹಿಡಿಕಡ್ಡಿ ತಂದಿದ್ದ. ಅದು ಮುರಿದು ಒಳಗೆ ಬಿದ್ದರೆ ಏನು ಕಥೆ ಎಂದು ಬಿಟ್ಟರು. ಬದಲಿಗೆ ತೂತಿಗೆ ಬೆರಳಿಟ್ಟು ಎಂಜಿನ್ ಕೈಯಲ್ಲಿ ತಿರುಗಿಸಿದರು. ಗಾಳಿ ಬೆರಳನ್ನು ತಳ್ಳಿದರೆ ಕಂಪ್ರೆಷನ್ ಶುರುವಾಯಿತು. ಆಮೇಲೆ ಕ್ರ್ಯಾಂಕಿನ (ಪಿಸ್ಟನ್‌ಗಳು ತಿರುಗಿಸುವ ದಂಡ) ತುದಿಯ ಪುಲ್ಲಿಯ ಗುರುತು ನೋಡಿ ನಿಲ್ಲಿಸಿದರೆ ಒಂದನೇ ಸಿಲಿಂಡರ್ ಸಿಕ್ಕಿತು. ಮೂರು ಸಿಲಿಂಡರಿನ ಎಂಜಿನ್ನಿನಲ್ಲಿ ಮುಂದಿನದು 240 ಡಿಗ್ರಿಗೆ ಬರುತ್ತದೆ. ಫೈರಿಂಗ್ ಆರ್ಡರ್, ಅಂದರೆ ಕಿಡಿ ಬೀಳುವ ಸರದಿ, 1-3-2. ಪುಲ್ಲಿಯನ್ನು ಸಮನಾಗಿ ಮೂರು ಭಾಗ ಮಾಡಿ ಸುಣ್ಣದಕಡ್ಡಿಯಲ್ಲಿ ಗೆರೆ ಎಳೆದರು. ಬೇರೆ ಉಪಕರಣ ಬೇಕಾಗಲಿಲ್ಲ.

ಇಲ್ಲಿ ಒಂದು ಲೆಕ್ಕ ಹೇಳಲೇಬೇಕು. ಈ ಎಂಜಿನ್ನಿನ ಬೋರ್ 68.5 ಮಿಲಿಮೀಟರ್. 35 ಪಿಎಸ್ಐ ಗಾಳಿ ಅಂದರೆ ಪಿಸ್ಟನ್ ತಲೆ ಮೇಲೆ ಸುಮಾರು 90 ಕೆಜಿ ಭಾರ. ಪಿಸ್ಟನ್ ಸರಿಯಾಗಿ ತುದಿಯಲ್ಲಿಲ್ಲದಿದ್ದರೆ ಕ್ರ್ಯಾಂಕ್ ಗಕ್ಕನೆ ತಿರುಗುತ್ತದೆ. ಪುಲ್ಲಿ ಬೋಲ್ಟಿನಲ್ಲಿ ಪಾನಾ ಬಿಟ್ಟಿದ್ದರೆ ಅದು ಕೈ ಮುರಿಯುತ್ತದೆ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಪಾನಾ ಹೊರಗೆ. ಇದನ್ನು ಬಾಯಿಬಿಟ್ಟು ಹೇಳಿಕೊಂಡೇ ಗಾಳಿ ಬಿಡುತ್ತಿದ್ದರು.

ಒಂದನೇ ಮತ್ತು ಮೂರನೇ ಸಿಲಿಂಡರಿನಲ್ಲಿ ಸ್ಟೆಪ್ನಿಯ ಒತ್ತಡ 35ರಿಂದ 25ಕ್ಕೆ ಇಳಿಯಲು ನಿಮಿಷಕ್ಕೂ ಜಾಸ್ತಿ ಹಿಡಿಯಿತು. ಆಯಿಲ್ ಬಾಯಲ್ಲಿ ಸಣ್ಣ ಸುಯ್ ಇತ್ತು. ಅಷ್ಟು ರಿಂಗಿನಿಂದ ಯಾವ ಎಂಜಿನ್ನಿನಲ್ಲೂ ಬರುತ್ತದೆ. ಎರಡನೆಯದರಲ್ಲಿ ಕೆಲವೇ ಸೆಕೆಂಡಿನಲ್ಲಿ ಇಳಿದುಬಿಟ್ಟಿತು. ಅಣ್ಣ ಸೈಲೆನ್ಸರ್ ಹತ್ತಿರ ಕೂತಿದ್ದವನು ಅಲ್ಲಿಂದಲೇ ಕೂಗಿದ. ಕೈ ಹಿಡಿದರೆ ಗಾಳಿ ತಾಗುತ್ತಿತ್ತು. ರೇಡಿಯೇಟರಿನಲ್ಲಿ ಒಂದು ಗುಳ್ಳೆಯೂ ಇಲ್ಲ.

ಬೋರ್ ಚೆನ್ನಾಗಿದೆ, ರಿಂಗ್ ಚೆನ್ನಾಗಿದೆ, ಗ್ಯಾಸ್ಕೆಟ್ ಚೆನ್ನಾಗಿದೆ. ಹೋಗಿದ್ದು ಒಂದು ಎಗ್ಸಾಸ್ಟ್ ವಾಲ್ವ್. ಒಂದು ಹಳೇ ಪ್ಲಗ್ ಮತ್ತು ಒಂದು ಸ್ಟೆಪ್ನಿ ಇಡೀ ಎಂಜಿನ್ ಓವರ್‌ಹಾಲ್ ತಪ್ಪಿಸಿದವು.

ನೀರು ಕಡಿಮೆಯಾಗುತ್ತಿದ್ದುದು ಬೇರೆಯೇ ಕಥೆ. ಹಳೇ ರೇಡಿಯೇಟರ್ ಕ್ಯಾಪಿನ ನಡುವೆ ತೂತು ಕೊರೆದು ಟ್ಯೂಬ್‌ಲೆಸ್ ಟಯರಿನ ಲೋಹದ ವಾಲ್ವ್ ಕೂರಿಸಿದರು. ಕ್ಯಾಪಿನ ಮೇಲೆ 0.9 ಎಂದು ಬರೆದಿತ್ತು. ಅಂದರೆ ಸುಮಾರು 13 ಪಿಎಸ್ಐ, ಅದಕ್ಕಿಂತ ಜಾಸ್ತಿ ಒತ್ತುವಂತಿಲ್ಲ. ಅಷ್ಟು ಪಂಪ್ ಮಾಡಿ ಬಿಟ್ಟಾಗ ಹೀಟರ್ ಪೈಪಿನ ಕ್ಲಿಪ್ ಹತ್ತಿರ ಹನಿ ಕಂಡಿತು. ಕ್ಲಿಪ್ ಬದಲಿಸಿದರು, ಮುಗಿಯಿತು.

ಬಿಚ್ಚುವ ಮೊದಲು

ತಪ್ಪಿದ ಜಾಗ ಸಿಕ್ಕಿದ ಕೂಡಲೇ ಹೆಡ್ ಬಿಚ್ಚಲು ಅಣ್ಣ ಅವಸರ ಮಾಡಿದ. ತಮ್ಮ ತಡೆದ. ವಾಲ್ವ್ ಕ್ಲಿಯರೆನ್ಸ್ ಮೊದಲು ನೋಡಬೇಕು ಎಂದ. ತಿರುವುಗಳಲ್ಲಿ ಇದೂ ಒಂದು.

ವಾಲ್ವನ್ನು ಒತ್ತಿ ತೆರೆಯುವ ರಾಕರಿಗೂ ವಾಲ್ವಿನ ತುದಿಗೂ ನಡುವೆ ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಪಾಲಿನಷ್ಟು ಸಂದು ಇರಬೇಕು. ಎರಡನೇ ಸಿಲಿಂಡರಿನ ಎಗ್ಸಾಸ್ಟಿನಲ್ಲಿ ಸಂದು ಅಳೆಯುವ ಫೀಲರ್ ಗೇಜಿನ ತೀರಾ ತೆಳು ಎಲೆಯೂ ಹೋಗಲಿಲ್ಲ. ಸಂದೇ ಇಲ್ಲ. ಅಂದರೆ ವಾಲ್ವ್ ಪೂರ್ತಿ ಮುಚ್ಚುತ್ತಲೇ ಇರಲಿಲ್ಲ. ಕೆಂಪಗೆ ಕಾಯುವ ವಾಲ್ವ್ ತನ್ನ ಬಿಸಿಯನ್ನು ಹೆಡ್ಡಿಗೆ ಕೊಡುವುದು ಹೆಚ್ಚಾಗಿ ಸೀಟಿಗೆ (ಹೆಡ್ಡಿನಲ್ಲಿ ಅದು ಕೂರುವ ಉಂಗುರಕ್ಕೆ) ಒತ್ತಿ ಕೂತಾಗ. ಕೂರದಿದ್ದರೆ ಬಿಸಿ ಹೋಗಲು ದಾರಿಯಿಲ್ಲ, ಸಂದಿನಲ್ಲಿ ಉರಿ ನುಗ್ಗಿ ಅಂಚು ಸುಡುತ್ತದೆ. ಎಗ್ಸಾಸ್ಟ್ ಸೀಟ್ ಸವೆದಂತೆ ವಾಲ್ವ್ ಮೇಲಕ್ಕೆ ಏರುತ್ತದೆ, ಸಂದು ತಾನಾಗೇ ಕಡಿಮೆಯಾಗುತ್ತದೆ. ಈ ಸಂದು ಜಾಸ್ತಿಯಾಗಿ ಟಪ್ಪೆಟ್ ಸದ್ದು ಬಂದರೆ ಎಲ್ಲರೂ ಗ್ಯಾರೇಜಿಗೆ ಓಡುತ್ತಾರೆ, ಸದ್ದು ನಿಂತರೆ ಎಂಜಿನ್ ಚೆನ್ನಾಗಿದೆ ಎಂದುಕೊಳ್ಳುತ್ತಾರೆ. ಹಳೇ ಎಂಜಿನ್ ಇರುವವರು ಇದನ್ನು ದಯವಿಟ್ಟು ನೆನಪಿಡಿ. ಸ್ವಲ್ಪ ಟಕಟಕ ಅನ್ನುವ ಟಪ್ಪೆಟ್ ಎಂಜಿನ್ ಕೊಲ್ಲುವುದಿಲ್ಲ. ತೀರಾ ಬಿಗಿಯಾದದ್ದು ವಾಲ್ವ್ ಸುಡುತ್ತದೆ.

ಸಂದು ಸರಿಮಾಡಿ ಮತ್ತೆ ಗಾಳಿ ಬಿಟ್ಟರು. ಸುಯ್ ಕಡಿಮೆಯಾಯಿತು, ನಿಲ್ಲಲಿಲ್ಲ. ಅಂಚು ಆಗಲೇ ಸುಟ್ಟಿದೆ. ಈಗ ಹೆಡ್ ಬಿಚ್ಚಲೇಬೇಕು ಎನ್ನುವುದಕ್ಕೆ ಆಧಾರ ಸಿಕ್ಕಿತು.

ಚಿರೇಕಲ್ಲು ಮತ್ತು ಅಪ್ಪನ ಮಾತು

ಕ್ರ್ಯಾಂಕಿನಿಂದ ವಾಲ್ವುಗಳಿಗೆ ಚಾಲನೆ ಕೊಡುವ ಟೈಮಿಂಗ್ ಬೆಲ್ಟ್ ಕಡೆ ಕೈ ಹೋಗಲು ಮುಂದಿನ ಚಕ್ರ ತೆಗೆದು ಗಾಡಿ ಎತ್ತಿ ನಿಲ್ಲಿಸಬೇಕು. ಸೈಲೆನ್ಸರ್ ಪೈಪ್ ಬಿಡಿಸಲು ಕೆಳಗೆ ನುಗ್ಗಬೇಕು. ಕೊಟ್ಟಿಗೆಯ ಪಕ್ಕ ಮನೆ ಕಟ್ಟಿ ಉಳಿದ ಚಿರೇಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು) ರಾಶಿ ಇತ್ತು. ನಾಲ್ಕು ಕಲ್ಲು ಒಂದರ ಮೇಲೊಂದು ಇಟ್ಟರೆ ಆಯ್ತು ಎಂದು ಅಣ್ಣ ಜೋಡಿಸಿಯೂ ಬಿಟ್ಟ. ಜಗಲಿಯಲ್ಲಿ ಕೂತು ನೋಡುತ್ತಿದ್ದ ಅಪ್ಪ ಎದ್ದು ಬಂದು ಒಂದೇ ಮಾತು ಕೇಳಿದರು: "ಇದ್ರ ಅಡಿಗೆ ನೀ ಮಲಗ್ತ್ಯಾ?"

ಅಣ್ಣ ಉತ್ತರ ಕೊಡಲಿಲ್ಲ. ಕಲ್ಲು ತೆಗೆದ.

ಚಿರೇಕಲ್ಲು ಗೋಡೆಯಲ್ಲಿ ತಲೆಮಾರುಗಟ್ಟಲೆ ನಿಲ್ಲುತ್ತದೆ. ಅಲ್ಲಿ ಭಾರ ಇಡೀ ಕಲ್ಲಿನ ಮೇಲೆ ಹರಡಿರುತ್ತದೆ. ಗಾಡಿಯ ಚಾಸಿಸ್ ಅಂಚು ಒಂದೇ ಗೆರೆಯಲ್ಲಿ ಒತ್ತುತ್ತದೆ. ತೂತು ತೂತಾದ ಕಲ್ಲು, ಅದರಲ್ಲೂ ಮಳೆ ಕುಡಿದದ್ದು, ಮುನ್ಸೂಚನೆ ಕೊಡದೇ ಸೀಳುತ್ತದೆ. ಸಿಮೆಂಟ್ ಬ್ಲಾಕ್ ಕೂಡ ಹಾಗೆಯೇ. ಆಂಗಲ್ ಕಬ್ಬಿಣ ತಂದು ಸ್ಟ್ಯಾಂಡ್ ಬೆಸೆಯೋಣವೇ ಎಂಬ ಮಾತೂ ಬಂತು. ತಮ್ಮ ಆ ದಿನವೇ ಪೇಟೆಗೆ ಹೋಗಿ ಭಾರ ಬರೆದಿರುವ ಒಂದು ಜೊತೆ ಜ್ಯಾಕ್ ಸ್ಟ್ಯಾಂಡ್ ಕೊಂಡು ತಂದ. ಈ ಇಡೀ ಕೆಲಸದಲ್ಲಿ ದುಡ್ಡು ಕೊಟ್ಟು ತಂದ ಉಪಕರಣ ಅಂದರೆ ಅದೇ. ಅದರ ಜೊತೆಗೆ ಬಿಚ್ಚಿದ ಚಕ್ರವನ್ನೂ ಗಾಡಿಯ ಅಡಿಗೆ ನೂಕಿ ಇಡುತ್ತಿದ್ದರು. ಈ ತೀರ್ಮಾನ ನನಗೆ ಉಳಿದೆಲ್ಲ ಜಾಣ್ಮೆಗಿಂತ ದೊಡ್ಡದಾಗಿ ಕಾಣುತ್ತದೆ. ಮನೆಯಲ್ಲಿ ಮಾಡಿದ ಪುಲ್ಲರ್ ಮುರಿದರೆ ಒಂದು ಪುಲ್ಲಿ ಹೋಗುತ್ತದೆ. ಸ್ಟ್ಯಾಂಡ್ ಮುರಿದರೆ ಮನುಷ್ಯ ಹೋಗುತ್ತಾನೆ.

ಬಿಚ್ಚುವ ಉಪಕರಣಗಳು

ಪುಲ್ಲಿ ಬೋಲ್ಟ್ ಬಿಚ್ಚುವಾಗ ಪುಲ್ಲಿ ತಿರುಗದಂತೆ ಹಿಡಿಯುವ ಒಂದು ಕೈ ಬೇಕು. ಉದ್ದನೆಯ ಕಬ್ಬಿಣದ ಪಟ್ಟಿಯ ತುದಿಯಲ್ಲಿ ಎರಡು ಬೋಲ್ಟ್, ಅವು ಪುಲ್ಲಿಯ ತೂತಿಗೆ ಕೂರಬೇಕು. ಮೊದಲು ಸಾದಾ ಪಟ್ಟಿಯಲ್ಲಿ ಮಾಡಿದರು, ಬಗ್ಗಿತು. ಊರಿನ ಕಮ್ಮಾರರ ಹತ್ತಿರ ಕತ್ತಿ ಮಾಡಲು ತಂದಿಟ್ಟ ಲಾರಿಯ ಪ್ಲೇಟ್ ಸ್ಪ್ರಿಂಗ್ ತುಂಡು ಇತ್ತು. ಆ ಉಕ್ಕು ಹಾಗೇ ಕೊರೆದರೆ ಡ್ರಿಲ್ ಬಿಟ್ ಸುಟ್ಟು ಹೋಗುತ್ತದೆ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂತು ರಾತ್ರಿಯಿಡೀ ಬಿಟ್ಟರು. ಬೆಳಿಗ್ಗೆ ಮೆತ್ತಗಾಗಿತ್ತು, ತೂತು ಸಲೀಸಾಗಿ ಬಿತ್ತು. ಟೈಮಿಂಗ್ ಬೆಲ್ಟನ್ನೇ ಬಿಗಿ ಹಿಡಿದು ಬೋಲ್ಟ್ ತಿರುಗಿಸುವವರಿದ್ದಾರೆ. ಬೆಲ್ಟಿನ ಹಲ್ಲು ಕಿತ್ತರೆ ಎಂಜಿನ್ ಓಡುವಾಗ ಗೊತ್ತಾಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ವಾಲ್ವ್ ಸ್ಪ್ರಿಂಗ್ ಒತ್ತುವ ಉಪಕರಣದಲ್ಲಿ ಪೆಟ್ಟು ತಿಂದರು. ಉಪಾಯ ಸರಳ. ದೊಡ್ಡ ಸಿ ಕ್ಲಾಂಪ್, ಅದರ ಒಂದು ತುದಿ ವಾಲ್ವಿನ ಮುಖಕ್ಕೆ, ಇನ್ನೊಂದು ತುದಿಗೆ ಒಂದು ಗಿಡ್ಡ ಪೈಪ್. ಪೈಪ್ ಸ್ಪ್ರಿಂಗಿನ ಟೋಪಿಯನ್ನು ಕೆಳಕ್ಕೆ ಒತ್ತುತ್ತದೆ. ಪೈಪಿನ ಪಕ್ಕದಲ್ಲಿ ಕಿಟಕಿ ಕೊಯ್ದಿದ್ದರೆ ಅಲ್ಲಿಂದ ಸ್ಪ್ರಿಂಗ್ ಟೋಪಿಯನ್ನು ವಾಲ್ವಿಗೆ ಹಿಡಿದಿಡುವ ಲಾಕ್ ಎರಡನ್ನೂ ತೆಗೆಯಬಹುದು. ಕೈ ಹೋಗಲಿ ಎಂದು ಎರಡೂ ಕಡೆ ಅಗಲವಾಗಿ ಕಿಟಕಿ ಕೊಯ್ದರು. ನೀರಿನ ಜಿಐ ಪೈಪ್. ಉಳಿದದ್ದು ಎರಡು ತೆಳು ಕಾಲು. ಒತ್ತಡ ಬಿದ್ದಾಗ ಒಂದು ಕಾಲು ಮಡಚಿ ಪೈಪ್ ಜಾರಿತು. ಸ್ಪ್ರಿಂಗ್ ಹಾರಿ ಅಟ್ಟದ ಜಂತಿಗೆ ಬಡಿಯಿತು. ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದಾದ ಲಾಕ್ ಒಂದು ಕೊಟ್ಟಿಗೆಯ ಸೊಪ್ಪಿನಲ್ಲಿ ಹೋಯಿತು. ಸಿಗಲೇ ಇಲ್ಲ. ಯಾರ ಕಣ್ಣಿಗೂ ತಾಗದಿದ್ದದ್ದು ಪುಣ್ಯ.

ಎರಡನೆಯದನ್ನು ದಪ್ಪ ಪೈಪಿನಲ್ಲಿ ಮಾಡಿದರು. ಕಿಟಕಿ ಒಂದೇ ಕಡೆ, ಬೆರಳಲ್ಲ, ಅಯಸ್ಕಾಂತದ ಕಡ್ಡಿ ಹೋಗುವಷ್ಟು ಮಾತ್ರ. ಪೈಪಿನ ತುದಿಗೆ ಲೇತಿನಲ್ಲಿ ಮೆಟ್ಟಿಲು ತೆಗೆಸಿದರು, ಅದು ಸ್ಪ್ರಿಂಗ್ ಟೋಪಿಯ ಅಂಚಿಗೆ ಸರಿಯಾಗಿ ಕೂರುವಂತೆ. ಜಾರಲು ಜಾಗವೇ ಇಲ್ಲ. ಕಣ್ಣಿಗೆ ಕನ್ನಡಕ, ಮೇಲೆ ಹಳೇ ಗೋಣಿ. ವಾಪಸ್ ಹಾಕುವಾಗ ಲಾಕ್‌ಗಳಿಗೆ ಗ್ರೀಸ್ ಹಚ್ಚಿದರೆ ವಾಲ್ವಿಗೆ ಅಂಟಿ ನಿಲ್ಲುತ್ತವೆ. ಇದು ಎಂಜಿನ್ ಹೊರಗಿನ ಮೇಜಿನ ಮೇಲಿನ ಕೆಲಸ, ಸ್ಪ್ರಿಂಗ್ ಚಿಕ್ಕದು. ಇದೇ ಧೈರ್ಯದಲ್ಲಿ ಸಸ್ಪೆನ್ಷನ್ನಿನ ದೊಡ್ಡ ಸ್ಪ್ರಿಂಗಿಗೆ ಮನೆಯಲ್ಲಿ ಕ್ಲಾಂಪ್ ಮಾಡಲು ಹೋಗಬಾರದು. ಅದು ಹಾರಿದರೆ ಗೋಣಿ ತಡೆಯುವುದಿಲ್ಲ.

ವಾಲ್ವ್ ಹೊರಬಂದಾಗ ಅಂಚಿನಲ್ಲಿ ಇಲಿ ಕಡಿದಂತೆ ಕಚ್ಚು ಬಿದ್ದಿತ್ತು. ಹೊಸ ವಾಲ್ವ್ ಮತ್ತು ಲಾಕ್ ತಂದರು. ಸೀಟ್ ಕಟ್ ಮಾಡುವುದನ್ನು ಮಾತ್ರ ಹುಬ್ಬಳ್ಳಿಯಲ್ಲಿ ಯಂತ್ರ ಇರುವವರಿಗೆ ಕೊಟ್ಟರು. ಸೀಟಿನ ಕೋನ ವಾಲ್ವ್ ಜಾರುವ ಗೈಡಿಗೆ ನೇರ ಇರಬೇಕು, ಕೈಯಲ್ಲಿ ಅದು ಆಗುವುದಿಲ್ಲ. ಹೆಡ್ಡಿನ ತಳ ಬಗ್ಗಿದೆಯೇ ಎಂದು ನೋಡಲು ಬಾಗಿಲಿನ ಅಲ್ಯೂಮಿನಿಯಂ ಪಟ್ಟಿ ಇಟ್ಟು ನೋಡಿದ್ದರು. ಒಂದು ಮಗ್ಗುಲಲ್ಲಿ ಇಟ್ಟರೆ ಹೆಡ್ ಬಗ್ಗಿದೆ ಅನ್ನುತ್ತಿತ್ತು, ತಿರುವಿ ಇಟ್ಟರೆ ಇಲ್ಲ ಅನ್ನುತ್ತಿತ್ತು. ಬಗ್ಗಿದ್ದು ಪಟ್ಟಿಯೇ. ಇಲ್ಲಿ ಲೆಕ್ಕಕ್ಕೆ ಬರುವುದು 0.05 ಮಿಲಿಮೀಟರಿನ ಮಾತು. ಅದಕ್ಕೂ ಯಂತ್ರದವರ ಉಕ್ಕಿನ ಪಟ್ಟಿಯೇ ಬೇಕಾಯಿತು. ಹೆಡ್ ಸರಿಯಿತ್ತು.

ಸೀಟ್ ಕಟ್ ಆಗಿ ಬಂದ ಮೇಲೆ ಗ್ರೈಂಡಿಂಗ್ ಪೇಸ್ಟ್ ಹಚ್ಚಿ ವಾಲ್ವ್ ತಿಕ್ಕಿದ್ದು, ಪೋರ್ಟಿನಲ್ಲಿ ಸೀಮೆಎಣ್ಣೆ ತುಂಬಿ ಸೋರುತ್ತದೆಯೇ ನೋಡಿದ್ದು, ಎಲ್ಲ ಮನೆಯಲ್ಲೇ.

ತಕ್ಕಡಿಯಿಂದ ಟಾರ್ಕ್

ಹೆಡ್ ಬೋಲ್ಟ್ ಬಿಗಿಯುವುದು ಅಂದಾಜಿನ ಕೆಲಸವಲ್ಲ. ಕಡಿಮೆಯಾದರೆ ಗ್ಯಾಸ್ಕೆಟ್ ಸೋರುತ್ತದೆ, ಜಾಸ್ತಿಯಾದರೆ ಥ್ರೆಡ್ ಕಿತ್ತು ಬರುತ್ತದೆ ಇಲ್ಲವೇ ಹೆಡ್ ಬಗ್ಗುತ್ತದೆ. ಟಾರ್ಕ್ ರೆಂಚ್ ಇರಲಿಲ್ಲ. ಆದರೆ ಟಾರ್ಕ್ ಅಂದರೆ ಬೇರೆ ಏನೂ ಅಲ್ಲ, ಎಳೆಯುವ ಬಲ ಗುಣಿಸು ಹಿಡಿಕೆಯ ಉದ್ದ. ಅಡಿಕೆ ಮನೆಯಲ್ಲಿ ತೂಗುವ ತಕ್ಕಡಿ ಇಲ್ಲದೇ ಇರುತ್ತದೆಯೇ?

ಬಾಕ್ಸ್ ಪಾನಾದ ಹಿಡಿಕೆಗೆ ಪೈಪ್ ಹಾಕಿ, ಬೋಲ್ಟಿನ ನಡುಮಧ್ಯದಿಂದ ಸರಿಯಾಗಿ ಅರ್ಧ ಮೀಟರ್ ದೂರದಲ್ಲಿ ತೂತು ಕೊರೆದು, ಅಲ್ಲಿ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿದರು. ಉದಾಹರಣೆಗೆ 6 ಕೆಜಿ-ಮೀಟರ್ ಬೇಕು ಎಂದಿಟ್ಟುಕೊಳ್ಳಿ. ಅರ್ಧ ಮೀಟರ್ ಹಿಡಿಕೆಯಲ್ಲಿ ತಕ್ಕಡಿ 12 ಕೆಜಿ ತೋರಿಸುವವರೆಗೆ ಎಳೆಯಬೇಕು. ಮ್ಯಾನ್ಯುಯಲ್‌ನಲ್ಲಿ ನ್ಯೂಟನ್-ಮೀಟರ್ ಕೊಟ್ಟಿದ್ದರೆ ಅದನ್ನು 9.8ರಿಂದ ಭಾಗಿಸಿದರೆ ಕೆಜಿ-ಮೀಟರ್ ಸಿಗುತ್ತದೆ. ಇದು ಬರೀ ಉದಾಹರಣೆ. ನಿಮ್ಮ ಎಂಜಿನ್ನಿನ ಅಂಕಿಯನ್ನು ಅದರ ಮ್ಯಾನ್ಯುಯಲ್‌ನಲ್ಲೇ ನೋಡಿ.

ಎಳೆಯುವಾಗ ತಕ್ಕಡಿ ಹಿಡಿಕೆಗೆ ಲಂಬವಾಗಿ ಇರಬೇಕು. 30 ಡಿಗ್ರಿ ವಾಲಿದರೆ ಟಾರ್ಕ್ 13 ಶೇಕಡಾ ಕಡಿಮೆಯಾಗಿಬಿಡುತ್ತದೆ, ತಕ್ಕಡಿಯಲ್ಲಿ ಮಾತ್ರ ಮೊದಲಿನಷ್ಟೇ ಕಾಣುತ್ತದೆ. ಹಿಡಿಕೆ ಅಡ್ಡಡ್ಡ ತಿರುಗಬೇಕು. ಮೇಲೆ ಕೆಳಗೆ ತಿರುಗಿದರೆ ಅದರ ತೂಕವೂ ಸೇರಿಕೊಳ್ಳುತ್ತದೆ. ಜರ್ಕ್ ಹೊಡೆಯದೇ ನಿಧಾನ ಎಳೆಯಬೇಕು.

ಇಷ್ಟೆಲ್ಲ ಸಿದ್ಧವಾದ ಮೇಲೆ ತಮ್ಮ ಒಂದು ಪ್ರಶ್ನೆ ಎತ್ತಿದ. ತಕ್ಕಡಿ ಖರೆ ಹೇಳುತ್ತದೆಯಾ? ಒಂದೊಂದು ಲೀಟರ್ ಅಳೆದು ಕೊಡದಲ್ಲಿ ಹತ್ತು ಲೀಟರ್ ನೀರು ತುಂಬಿದರು. ಖಾಲಿ ಕೊಡದ ತೂಕ ಕಳೆದರೆ 10 ಕೆಜಿ ಬರಬೇಕು. ತಕ್ಕಡಿ 11ರ ಹತ್ತಿರ ತೋರಿಸಿತು. ವರ್ಷಗಟ್ಟಲೆ ಮೂಟೆ ಎತ್ತಿ ಸ್ಪ್ರಿಂಗ್ ಸಡಿಲಾಗಿತ್ತು. ಅದನ್ನೇ ನಂಬಿ ಬಿಗಿದಿದ್ದರೆ ಎಲ್ಲ ಬೋಲ್ಟುಗಳೂ ಹತ್ತರಲ್ಲಿ ಒಂದು ಪಾಲು ಸಡಿಲವೇ ಇರುತ್ತಿದ್ದವು. ದೇವಿಮನೆ ಘಟ್ಟದ ನಡುವೆ ಗ್ಯಾಸ್ಕೆಟ್ ಹಾರಬಹುದಿತ್ತು. ನೆಂಟರ ಮನೆಯಿಂದ ಡಿಜಿಟಲ್ ಕೊಕ್ಕೆ ತಕ್ಕಡಿ ತಂದು, ಅದನ್ನೂ ಅದೇ ನೀರಿನಲ್ಲಿ ತೂಗಿ ನೋಡಿ, ಆಮೇಲೆ ಬಳಸಿದರು. ವ್ಯಾಪಾರದ ತಕ್ಕಡಿಗೆ ಕಾಲಕಾಲಕ್ಕೆ ಮುದ್ರೆ ಹಾಕಿಸಬೇಕು ಎಂದು ಕಾನೂನೇ ಇದೆ. ಎಂಜಿನ್ ಮೇಲೆ ಬಳಸುವ ತಕ್ಕಡಿಗೆ ಯಾರೂ ಮುದ್ರೆ ಹಾಕುವುದಿಲ್ಲ, ನಾವೇ ನೋಡಿಕೊಳ್ಳಬೇಕು. ಅಳೆಯುವ ಯಾವುದೇ ಮನೆಯ ಉಪಕರಣವನ್ನು ಎಂಜಿನ್ನಿಗೆ ತಾಗಿಸುವ ಮೊದಲು, ಅಳತೆ ಗೊತ್ತಿರುವ ಒಂದು ವಸ್ತುವಿನ ಮೇಲೆ ಪರೀಕ್ಷಿಸಿ.

ಬೋಲ್ಟುಗಳನ್ನು ನಡುವಿನಿಂದ ಹೊರಗೆ, ಒಂದೇ ಸಲಕ್ಕಲ್ಲ, ಹಂತ ಹಂತವಾಗಿ ಬಿಗಿದರು. ಬಿಚ್ಚುವಾಗ ಇದರ ಉಲ್ಟಾ, ಅದೂ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ. ಬೆಲ್ಟ್ ಹಾಕಿ, ಗುರುತು ಕೂರಿಸಿ, ಸ್ಟಾರ್ಟ್ ಮಾಡುವ ಮೊದಲು ಕೈಯಲ್ಲೇ ಎರಡು ಸುತ್ತು ತಿರುಗಿಸಿ ಎಲ್ಲೂ ಬಡಿಯುವುದಿಲ್ಲ ಎಂದು ಖಾತ್ರಿ ಮಾಡಿಕೊಂಡರು.

ಆಮೇಲೆ ಏನಾಯಿತು

ಮತ್ತೆ ಅದೇ ಪ್ಲಗ್ ತುಂಡು, ಅದೇ ಸ್ಟೆಪ್ನಿ. ಎರಡನೇ ಸಿಲಿಂಡರ್ ಉಳಿದೆರಡರ ಸಮಕ್ಕೆ ಒತ್ತಡ ಹಿಡಿಯಿತು. ಸೈಲೆನ್ಸರಿನಲ್ಲಿ ಸದ್ದಿಲ್ಲ. ಕಾರು ಸ್ಟಾರ್ಟ್ ಆಗುವ ಮೊದಲೇ ಕೆಲಸ ಸರಿಯಾಗಿದೆ ಎಂದು ಗೊತ್ತಿತ್ತು. ಕೊಯ್ಲು ಶುರುವಾಗುವ ಮೊದಲು ಅಪ್ಪನನ್ನು ಕೂರಿಸಿಕೊಂಡು ಕುಮಟಾಕ್ಕೆ ಹೋಗಿ ಬಂದರು, ಘಟ್ಟ ಸಲೀಸಾಗಿ ಹತ್ತಿತು. ವಾಲ್ವ್ ಕವರಿನ ಅಂಚಿನಲ್ಲಿ ಸ್ವಲ್ಪ ಆಯಿಲ್ ಒಸರುತ್ತಿತ್ತು, ಆ ಗ್ಯಾಸ್ಕೆಟ್ ಬದಲಿಸಬೇಕಾಯಿತು.

ಖರ್ಚು ಉಳಿಯಿತು, ನಿಜ. ಆದರೆ ಸ್ಟ್ಯಾಂಡ್, ವಾಲ್ವ್, ಗ್ಯಾಸ್ಕೆಟ್ ಸೆಟ್, ಸೀಟ್ ಕಟ್ಟಿಂಗ್, ಲೇತ್ ಕೂಲಿ ಎಲ್ಲ ಸೇರಿಸಿದರೆ ಸುಮ್ನೆ ಆದ ಕೆಲಸವೂ ಅಲ್ಲ. ಮನೆಯಲ್ಲಿ ಉಪಕರಣ ಮಾಡಿದರೆ ಎಲ್ಲ ಪುಕ್ಕಟೆ ಎಂದು ಹೇಳುವವರ ಮಾತು ನಾನು ಒಪ್ಪುವುದಿಲ್ಲ. ಇವರಿಗೆ ಸಿಕ್ಕ ದೊಡ್ಡ ಲಾಭ ಬೇರೆ. ಇನ್ನು ಮುಂದೆ ಯಾರಾದರೂ ಎಂಜಿನ್ ಹೋಗಿದೆ ಎಂದರೆ, ಎಲ್ಲಿ ಎಂದು ಕೇಳಲು ಅವರ ಹತ್ತಿರ ಆಧಾರ ಇದೆ.

ಪ್ರಕರಣ ಇಲ್ಲಿಗೇ ನಿಲ್ಲಲಿಲ್ಲ. ಸುದ್ದಿ ಹರಡಿ ಆಚೆ ಊರಿನವರೊಬ್ಬರು ಪ್ಲಗ್ ತುಂಡನ್ನು ಕೇಳಿ ಒಯ್ದರು. ಸ್ಟೆಪ್ನಿ ಯಾಕೆ ಎಂದು ಪಂಕ್ಚರ್ ಅಂಗಡಿಯ ಕಂಪ್ರೆಸರಿಗೇ ಸಿಕ್ಕಿಸಿದರು. ಒತ್ತಡ 100 ಪಿಎಸ್ಐ. ಈ ಬೋರಿಗೆ ಲೆಕ್ಕ ಹಾಕಿದರೆ ಪಿಸ್ಟನ್ ಮೇಲೆ ಸುಮಾರು 260 ಕೆಜಿ. ಪುಲ್ಲಿ ಬೋಲ್ಟಿನಲ್ಲಿ ಪಾನಾ ಹಾಗೇ ಇತ್ತು. ಎಂಜಿನ್ ತಿರುಗಿ ಪಾನಾ ಬೀಸಿ ಮಡ್‌ಗಾರ್ಡ್ ಒಳಗಿನಿಂದ ತಗ್ಗು ಮಾಡಿತು. ಕೈ ಆಗಷ್ಟೇ ತೆಗೆದಿದ್ದರಂತೆ.

ಕೇಳಿ ಒಯ್ದದ್ದು ಉಪಕರಣವನ್ನು ಮಾತ್ರ. ಅದನ್ನು ಬಳಸುವಾಗ ಪಾಲಿಸುತ್ತಿದ್ದ ಕ್ರಮ ಜೊತೆಗೆ ಹೋಗಿರಲಿಲ್ಲ. ಅಂಗಡಿಯಲ್ಲಿ ಸಿಗುವ ಉಪಕರಣದ ಜೊತೆ ಬಳಸುವ ಕಾಗದವಾದರೂ ಇರುತ್ತದೆ. ಮನೆಯಲ್ಲಿ ಮಾಡಿದ್ದು ಬರಿಗೈಯಲ್ಲಿ ಹೋಗುತ್ತದೆ. ಇದನ್ನು ನಾನು ಬಹಳ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ನೀವು ಮಾಡಿದ ಉಪಕರಣ ಬೇರೆಯವರ ಕೈಗೆ ಹೋಗುವ ದಿನ ಬಂದೇ ಬರುತ್ತದೆ.

ಅಣ್ಣತಮ್ಮಂದಿರು ಈಗ ಪ್ಲಗ್ ತುಂಡಿನ ಪೈಪಿಗೆ ದಪ್ಪ ತಗಡಿನ ಚೀಟಿ ಕಟ್ಟಿದ್ದಾರೆ. 35ಕ್ಕಿಂತ ಜಾಸ್ತಿ ಬೇಡ, ನ್ಯೂಟ್ರಲ್, ಪಾನಾ ತೆಗೆ ಎಂದು ಅದರ ಮೇಲೆ ಪಂಚಿನಲ್ಲಿ ಹೊಡೆದು ಬರೆದಿದ್ದಾರೆ. ಪೈಪಿನ ತುದಿಯನ್ನೂ ಬದಲಿಸಿ, ಕಂಪ್ರೆಸರಿನ ಜೋಡಣೆ ಕೂರದಂತೆ, ಟಯರ್ ವಾಲ್ವಿಗೆ ಮಾತ್ರ ಕೂರುವಂತೆ ಮಾಡಿದ್ದಾರೆ. ವಾಲ್ವ್ ಸ್ಪ್ರಿಂಗ್ ಕ್ಲಾಂಪ್ ಕೇಳಿದರೆ ಕೊಟ್ಟು ಕಳಿಸುವುದಿಲ್ಲ, ಇಬ್ಬರಲ್ಲಿ ಒಬ್ಬರು ಜೊತೆಗೆ ಹೋಗುತ್ತಾರೆ. ರೇಡಿಯೇಟರ್ ಕ್ಯಾಪಿನದನ್ನು ಮಾತ್ರ ಕೇಳಿದವರಿಗೆಲ್ಲ ಕೊಡುತ್ತಾರೆ, ಎಂಜಿನ್ ತಣ್ಣಗಿರುವಾಗ ಮಾತ್ರ ಹಾಕಬೇಕು ಎಂದು ಹೇಳಿ.